ಕೆಮ್ಮಣ್ಣಿನಲ್ಲಿ ಫಸ್ಟ್ ಟಚ್ ಕಲಿಸುವುದು

ಫಸ್ಟ್ ಟಚ್ ಎಂದರೆ ಬಂದ ಚೆಂಡನ್ನು ಕಾಲಿನ ಮೊದಲ ಸ್ಪರ್ಶದಲ್ಲೇ ಹತೋಟಿಗೆ ತಂದುಕೊಳ್ಳುವುದು. ಹನ್ನೆರಡು ವರ್ಷದೊಳಗಿನ ಮಕ್ಕಳ ಫುಟ್‌ಬಾಲ್ ಸೆಷನ್ ಹೇಗಿದೆ ಎಂದು ತಿಳಿಯಲು ನಾನು ಮೊದಲು ನೋಡುವುದು ಸಾಲನ್ನು. ಎಂಟು ಜನ ಒಬ್ಬರ ಹಿಂದೊಬ್ಬರು ಸರದಿ ಕಾಯುತ್ತಿದ್ದರೆ ಅಲ್ಲಿ ಯಾರೂ ಕಲಿಯುತ್ತಿಲ್ಲ. ಭಾನುವಾರ ಬೆಂಗಳೂರಿನ ಮೈದಾನಗಳಲ್ಲಿ ಮುಕ್ಕಾಲು ಪಾಲು ಕ್ರಿಕೆಟ್‌ನವರದು, ಮೂಲೆ ನಮ್ಮದು. ಅಷ್ಟು ಸಾಕು. 20 ಮಕ್ಕಳಿಗೆ 10 ಮೀಟರಿನ ನಾಲ್ಕು ಚೌಕ ಹಾಕುತ್ತೇನೆ. ಚೌಕಕ್ಕೆ ಐವರು: ಅಂಚಿಗೊಬ್ಬರಂತೆ ನಾಲ್ವರು, ಚೆಂಡು ಕಸಿಯಲು ನಡುವೆ ಒಬ್ಬ. 8 ಮೀಟರಿಗಿಂತ ಕಿರಿದಾದರೆ ಎರಡನೇ ಪಾಸಿಗೇ ಚೆಂಡು ಕೈತಪ್ಪುತ್ತದೆ. 12 ದಾಟಿದರೆ ಅಂಚಿನವರಿಗೆ ತಲೆಯೆತ್ತಿ ನೋಡುವ ಅಗತ್ಯವೇ ಬೀಳುವುದಿಲ್ಲ.

ಚೆಂಡು 4ನೇ ಸೈಜಿನದಿರಲಿ. ದೊಡ್ಡವರ 5ನೇ ಸೈಜಿಗೆ ನಿಯಮದಲ್ಲಿ 0.6ರಿಂದ 1.1 ಅಟ್ಮಾಸ್ಫಿಯರ್ ಗಾಳಿಯ ಒತ್ತಡ ಎಂದಿದೆ. ನಮ್ಮ ಗಟ್ಟಿ ನೆಲದಲ್ಲಿ ಮಕ್ಕಳ ಚೆಂಡಿಗೂ ನಾನು 0.6ರ ಆಸುಪಾಸಿನಲ್ಲೇ ನಿಲ್ಲಿಸುತ್ತೇನೆ. ಹೆಚ್ಚು ತುಂಬಿದ ಚೆಂಡು ಪುಟಿದು ಮೊಣಕಾಲಿಗೆ ಬರುತ್ತದೆ, ಮಗು ತನಗೇ ಆಟ ಬರುವುದಿಲ್ಲ ಎಂದುಕೊಳ್ಳುತ್ತದೆ.

ಕಲಿಸಬೇಕಾದದ್ದು ಇಷ್ಟು. ಪಾಸ್ ಬರುವ ಮುನ್ನವೇ ಹೆಗಲ ಮೇಲಿಂದ ಹಿಂದೆ ಒಮ್ಮೆ ನೋಡಬೇಕು. ಮೈ ಪೂರ್ತಿ ಚೆಂಡಿನ ಕಡೆಗಲ್ಲ, ಅರ್ಧ ಓರೆಯಾಗಿ ತಿರುಗಿರಬೇಕು. ಹತ್ತಿರದ ಕಾಲನ್ನು ದಾಟಿಸಿ ದೂರದ ಕಾಲಿನ ಒಳಬದಿಯಲ್ಲಿ ಚೆಂಡು ತೆಗೆದುಕೊಳ್ಳಬೇಕು. ತಾಗುವ ಗಳಿಗೆಯಲ್ಲಿ ಪಾದವನ್ನು ತುಸು ಹಿಂದಕ್ಕೆಳೆದರೆ ವೇಗ ಸಾಯುತ್ತದೆ. ಹೆಚ್ಚಿನ ಮಕ್ಕಳು ಅಂಗಾಲಿನಡಿ ಚೆಂಡು ಒತ್ತಿ ನಿಲ್ಲಿಸಿಬಿಡುತ್ತಾರೆ. ಎರಡು ಪಾದಗಳೂ ಚೆಂಡಿಗೆ ನೇರ ಎದುರಿಟ್ಟು ನಿಂತವರಿಗೆ ಬೇರೆ ದಾರಿಯಿಲ್ಲ. ಇದನ್ನು ಬಾಯಿಮಾತಿನಲ್ಲಿ ತಿದ್ದಲಾಗದು. ಪ್ರತಿ ಆಟಗಾರನ ಎಡಬಲಕ್ಕೆ ಒಂದೊಂದು ಕೋನ್ ಇಟ್ಟು, ಪಾಸ್ ಎಡದಿಂದ ಬಂದರೆ ಮೊದಲ ಟಚ್ ಬಲದ ಕೋನ್ ಕಡೆಗೇ ಹೋಗಬೇಕು ಎಂದು ನಿಯಮ ಮಾಡಿ. ಮೈ ತಾನಾಗಿ ತೆರೆದುಕೊಳ್ಳುತ್ತದೆ. ತಪ್ಪಿದವನ ಬಳಿ ಹೋಗಿ ಮೆಲ್ಲಗೆ ಹೇಳಿ, ಆಟ ನಿಲ್ಲಿಸಬೇಡಿ.

ಪೋಷಕರನ್ನು ಗೆರೆಯಿಂದ ದೂರ ಕೂರಿಸುವುದೂ ಕೋಚ್ ಕೆಲಸವೇ. "ಹೊಡಿಯೋ ಮಗಾ" ಎಂಬ ಕೂಗು ಕೇಳಿದರೆ ಯಾವ ಹುಡುಗನೂ ಹಿಂದೆ ನೋಡುವುದಿಲ್ಲ, ಮುಂದಕ್ಕೆ ಬಾರಿಸುತ್ತಾನೆ.

ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ, ಇಲ್ಲದೆ ಆಟಗಾರ ಬೆಳೆಯುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರೇ.

ಕೋಚ್ ಆಗಬೇಕೆನ್ನುವವರಿಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್‌ನ ಲೈಸೆನ್ಸ್ ಡಿ, ಸಿ, ಬಿ, ಎ ಎಂದು ಏರುತ್ತ ಪ್ರೊವರೆಗೆ ಇದೆ. ಡಿ ಕೋರ್ಸ್‌ನಲ್ಲಿ ಸೆಷನ್ ನಡೆಸಿ ತೋರಿಸಬೇಕಾಗುತ್ತದೆ. ಅದಕ್ಕೇ, ಮೊದಲು ಯಾರಾದರೂ ಒಳ್ಳೆಯ ಕೋಚ್ ಕೈಕೆಳಗೆ ಒಂದು ಸೀಸನ್ ಕೋನ್ ಹಾಕಿ, ತಂಡ ಗುರುತಿಸುವ ಬಣ್ಣದ ಮೇಲಂಗಿ (ಬಿಬ್) ಹಂಚಿ, ಮಕ್ಕಳ ಕಾಲುಗಳನ್ನು ನೋಡುತ್ತ ನಿಲ್ಲಿ.