ಕಿಟಕಿ ಪಕ್ಕ ಕೂತು ಕಲಿತ ಕಾಂಟೂರಿಂಗ್

ಹತ್ತು ದಿನ ಮುಖದ ಎಡಗಡೆಗೆ ಮಾತ್ರ ಮೇಕಪ್ ಹಾಕಿಕೊಂಡೆ. ಬಲಗಡೆ ಹಾಗೇ ಬಿಟ್ಟೆ. ಕಾಂಟೂರಿಂಗ್, ಅಂದರೆ ಗಾಢ ಬಣ್ಣದಿಂದ ನೆರಳು ಮೂಡಿಸಿ ಮುಖದ ಆಕಾರ ಎದ್ದು ಕಾಣೋ ಹಾಗೆ ಮಾಡೋದು, ನನಗೆ ಕೈಹತ್ತಿದ್ದು ಹೀಗೆ.

ಅದಕ್ಕೂ ಮೊದಲು ಒಂದು ಸಲ ಚಿಕ್ಕಮ್ಮನ ಮಗಳ ಆರತಕ್ಷತೆಗೆ ಮಾಡಿಕೊಂಡು ಹೋಗಿದ್ದೆ. ಮನೆಯ ಟ್ಯೂಬ್‌ಲೈಟ್ ಕೆಳಗೆ ಚೆನ್ನಾಗೇ ಕಂಡಿತ್ತು. ಛತ್ರದ ಬಾಗಿಲಲ್ಲಿ ಸಂಜೆ ಬಿಸಿಲಿಗೆ ನಿಂತಾಗ ಎರಡೂ ಕೆನ್ನೆ ಮೇಲೆ ಕಿತ್ತಳೆ ಪಟ್ಟಿ! "ಕೆನ್ನೆಗೆ ಏನು ತಾಗಿಸಿಕೊಂಡೆ?" ಅಂತ ಅಮ್ಮ ಕೇಳಿದಾಗ ಅಳು ಬಂತು.

ನಾನು ಹಚ್ಚಿದ್ದು ಬ್ರಾಂಜರ್. ಅದು ಬಿಸಿಲಿಗೆ ಕಂದಿದ ಹಾಗೆ ಕಾಣಿಸೋ ಬಣ್ಣ. ಕಾಂಟೂರ್ ಕಾಣಬೇಕಾದ್ದು ನೆರಳಿನ ಹಾಗೆ. ಗಲ್ಲದ ಕೆಳಗೆ ಬೀಳುವ ನೆರಳು ನೋಡಿಕೊಳ್ಳಿ, ಅದರಲ್ಲಿ ಕಿತ್ತಳೆ ಇರಲ್ಲ, ಬೂದು ಬೆರೆತ ಕಂದು ಇರುತ್ತೆ. ಹಾಗಾಗಿ ಹೊಳಪಿಲ್ಲದ, ನನ್ನ ಬಣ್ಣಕ್ಕಿಂತ ಎರಡು ಶೇಡ್ ಗಾಢವಾದ ಕ್ರೀಮ್ ಸ್ಟಿಕ್ ತಂದೆ. ಕಪ್ಪು ಮೈಬಣ್ಣದ ನನ್ನ ಗೆಳತಿಗೆ ಅದೇ ಸ್ಟಿಕ್ ಹಚ್ಚಿದರೆ ಏನೂ ಕಾಣಲಿಲ್ಲ. ಅವಳಿಗೆ ಗಟ್ಟಿ ಡಿಕಾಕ್ಷನ್ ಬಣ್ಣದ್ದೇ ಬೇಕಾಯ್ತು.

ಆಮೇಲೆ ಜಾಗ. ಬೆಳಿಗ್ಗೆ ಕಿಟಕಿ ಪಕ್ಕ ಕೂತು, ಬೆರಳಿನಿಂದ ಕೆನ್ನೆ ಮೂಳೆ ಒತ್ತಿ ನೋಡಿದೆ. ನಾನು ಅದಕ್ಕಿಂತ ತುಂಬಾ ಕೆಳಗೆ, ಹೆಚ್ಚುಕಮ್ಮಿ ಬಾಯಿಯ ಹತ್ತಿರದವರೆಗೂ ಗೆರೆ ಎಳೀತಿದ್ದೆ. ಅದಕ್ಕೇ ಮುಖ ಜೋತುಬಿದ್ದ ಹಾಗೆ ಕಾಣ್ತಿತ್ತು. ಈಗ ಕಿವಿಯ ಮೇಲ್ಭಾಗದಿಂದ ಶುರು ಮಾಡಿ, ಮೂಳೆಯ ಕೆಳ ಅಂಚಿನಲ್ಲೇ ಬಂದು, ಕಣ್ಣಿನ ಹೊರತುದಿಯ ನೇರಕ್ಕೆ ನಿಲ್ಲಿಸ್ತೀನಿ. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಸ್ಪಂಜಿನಿಂದ ಮೇಲ್ಮುಖವಾಗಿ ತಟ್ಟಬೇಕು. ಉಜ್ಜಿದರೆ ಕೆಳಗೆ ಮುಖಕ್ಕೆಲ್ಲ ಹಚ್ಚಿದ ಫೌಂಡೇಶನ್ ಎದ್ದು ಬರುತ್ತೆ. ಎಡಗಡೆ ಮುಗಿದ ಮೇಲೆ ಬಲಗಡೆ ಜೊತೆ ಹೋಲಿಸಿ ನೋಡೋದು. ಗೆರೆ ಕಂಡರೆ ಇನ್ನೂ ತಟ್ಟೋದು. ದಿನಾ ಇಷ್ಟೇ.

ಕ್ರೀಮ್ ಮೊದಲು, ಪೌಡರ್ ಆಮೇಲೆ. ತಿರುಗಾಮುರುಗಾ ಆದರೆ ತೇಪೆ ತೇಪೆ.

ಹೈಲೈಟರ್, ಅಂದರೆ ಬೆಳಕು ಬಿದ್ದ ಹಾಗೆ ಹೊಳೆಯೋ ಬಣ್ಣ, ಅದರ ವಿಷಯದಲ್ಲಿ ಬೇಗ ಪಾಠ ಆಯ್ತು. ಬೆಳ್ಳಿ ಹೊಳಪಿನದು ನನ್ನ ಗೋಧಿ ಬಣ್ಣಕ್ಕೆ ಬೂದಿ ಬಳಿದ ಹಾಗಿತ್ತು. ತೆಳು ಚಿನ್ನದ ಛಾಯೆ ಒಪ್ಪಿತು. ಕೆನ್ನೆ ಮೂಳೆಯ ಮೇಲೆ, ಮೇಲ್ತುಟಿಯ ನಡುಮಧ್ಯೆ ಒಂಚೂರು ಸಾಕು. ಮೊಡವೆ ಕಲೆ ಇರುವಲ್ಲಿ ಹಚ್ಚಲ್ಲ, ಹೊಳಪು ಬಿದ್ದರೆ ಕಲೆ ಜಾಸ್ತಿ ಕಾಣುತ್ತೆ. ಹಣೆ ನನ್ನದು ಹೇಗೂ ಎಣ್ಣೆ ಎಣ್ಣೆ, ಅಲ್ಲಿ ಬೇಡವೇ ಬೇಡ. ಮೂಗಿಗೂ ಕಾಂಟೂರ್ ಹಚ್ಚಲ್ಲ. ಅದು ನಮ್ಮಜ್ಜಿಯ ಮೂಗು, ಅದನ್ನ ಸಣ್ಣ ಮಾಡಿ ತೋರಿಸೋಕೆ ನನಗೆ ಇಷ್ಟ ಇಲ್ಲ.

ಹೋದ ತಿಂಗಳು ಅತ್ತಿಗೆಯ ಸೀಮಂತ. "ನನಗೂ ಸ್ವಲ್ಪ ಮಾಡೇ, ಆದ್ರೆ ಮಾಡಿದ್ದು ಗೊತ್ತಾಗಬಾರದು" ಅಂದರು. ಕಿಟಕಿ ಕಡೆ ಮುಖ ಮಾಡಿ ಕೂರಿಸಿದೆ. ಅವರ ಕೆನ್ನೆ ಮೂಳೆ ಮೊದಲೇ ಎದ್ದು ಕಾಣುತ್ತೆ, ಅಲ್ಲಿ ಗಾಢ ಬಣ್ಣ ಮುಟ್ಟಿಸಲೇ ಇಲ್ಲ. ದವಡೆಯ ಅಂಚಿಗೆ ಸ್ವಲ್ಪ ಕಾಂಟೂರ್, ಕೆನ್ನೆ ಮೇಲೆ ಒಂದೊಂದು ಚುಕ್ಕೆ ಹೈಲೈಟರ್, ಅಷ್ಟೇ. ಹೊರಗೆ ಬಂದಾಗ ಅಮ್ಮ ಅವರ ಮುಖವನ್ನೇ ನೋಡಿ, "ರಾತ್ರಿ ಚೆನ್ನಾಗಿ ನಿದ್ದೆ ಬಂತೇನಮ್ಮ?" ಅಂತ ಕೇಳಿದರು.