ಡ್ರ್ಯಾಗನ್ ಟ್ರೇನಿಗೆ ವಿಆರ್ ಹಾಕಿದ್ದು ಹೀಗೆ

ನಮ್ಮ ಕಡೆ ಜಾತ್ರೆಗೆ ಬರುವ ರೋಲರ್ ಕೋಸ್ಟರ್ ಅಂದ್ರೆ ಡ್ರ್ಯಾಗನ್ ಟ್ರೇನ್. ಹುಬ್ಬಳ್ಳಿಯ ಸಿದ್ಧಾರೂಢ ಮಠದ ಜಾತ್ರೆ ಇರಲಿ, ಗದಗಿನ ತೋಂಟದಾರ್ಯ ಮಠದ ಜಾತ್ರೆ ಇರಲಿ, ದೊಡ್ಡ ತೊಟ್ಟಿಲು ಮತ್ತು ಟೊರಾಟೊರಾ ಪಕ್ಕದಲ್ಲಿ ಹಸಿರು ಬಣ್ಣದ ಡ್ರ್ಯಾಗನ್ ಮುಖ ಹೊತ್ತ ಐದಾರು ಬೋಗಿಗಳು ಗಡಗಡ ಓಡುತ್ತಿರುತ್ತವೆ. ಎತ್ತರ ಜಾಸ್ತಿ ಇಲ್ಲ, ವೇಗವೂ ಅಷ್ಟಕ್ಕಷ್ಟೇ. ಚಿಕ್ಕ ಮಕ್ಕಳು ಕೂಗುತ್ತಾರೆ, ಕಾಲೇಜು ಹುಡುಗರು ನಗುತ್ತಾ ಇಳಿಯುತ್ತಾರೆ. ಆ ಕಾಲೇಜು ಹುಡುಗರನ್ನು ಕೂರಿಸಬೇಕು ಅನ್ನುವುದೇ ಟ್ರೇನಿನ ಮಾಲೀಕರ ಆಸೆ.

ನನ್ನದು ಹುಬ್ಬಳ್ಳಿಯಲ್ಲಿ ಪ್ಯಾನಲ್ ಬೋರ್ಡ್ ವೈರಿಂಗ್ ಕೆಲಸ. ಜಾತ್ರೆ ಆಟಗಳ ಲೈಟಿಂಗ್, ಮೋಟರ್ ಡ್ರೈವ್ ರಿಪೇರಿ ಎಲ್ಲ ನಾವೇ ಮಾಡುತ್ತೇವೆ. ಒಂದು ದಿನ ಮಾಲೀಕರು ಬಂದು, "ಅಣ್ಣಾರ, ಮಾಲ್‌ನ್ಯಾಗ ಕುರ್ಚಿ ಮ್ಯಾಲೆ ಕುಂದ್ರಿಸಿ ಕಣ್ಣಿಗೆ ಡಬ್ಬಿ ಕಟ್ಟತಾರಲ್ಲ, ಅದನ್ನ ನಮ್ಮ ಟ್ರೇನಿಗೆ ಕಟ್ಟಾಕ ಬರತೈತೇನು?" ಅಂದರು. ಅವರು ಕೇಳಿದ್ದು ವಿಆರ್, ಅಂದ್ರೆ ವರ್ಚುವಲ್ ರಿಯಾಲಿಟಿ: ಕಣ್ಣಿಗೆ ಕಟ್ಟುವ ಹೆಡ್‌ಸೆಟ್ ಒಳಗೆ ತಲೆ ತಿರುಗಿಸಿದ ಕಡೆಯೆಲ್ಲ ಬೇರೆಯದೇ ಲೋಕ ಕಾಣುವುದು. ಬರುತ್ತದೆ ಅಂತ ನನಗೆ ಗೊತ್ತಿತ್ತು. ಜರ್ಮನಿಯ ಯೂರೋಪಾ ಪಾರ್ಕ್‌ನಲ್ಲಿ 2015ರಲ್ಲೇ ಇದನ್ನು ಜನರಿಗೆ ಬಿಟ್ಟಿದ್ದರು. ಅದರ ಹಿಂದೆ ಇದ್ದವರು ಥಾಮಸ್ ವ್ಯಾಗ್ನರ್ ಅನ್ನುವ ಪ್ರಾಧ್ಯಾಪಕರು, ಮತ್ತೆ ರೋಲರ್ ಕೋಸ್ಟರ್ ತಯಾರಿಸುವ ಮ್ಯಾಕ್ ರೈಡ್ಸ್ ಕಂಪನಿ. ನನಗೆ ಧೈರ್ಯ ಬಂದದ್ದು ಯಾಕೆ ಅಂದ್ರೆ, ಅವರು ಜನರಿಗೆ ಅಂತ ಮೊದಲು ಹಾಕಿದ್ದು ಆಲ್ಪೆನ್‌ಎಕ್ಸ್‌ಪ್ರೆಸ್ ಅನ್ನುವ 1984ರ ಹಳೇ ಟ್ರೇನಿಗೆ. ಅದೂ ನಮ್ಮ ಡ್ರ್ಯಾಗನ್ ಹಾಗೆ ಮೋಟರ್ ಮೇಲೆ ಓಡುವ, ಅದೇ ಟ್ರ್ಯಾಕ್ ಮೇಲೆ ಮತ್ತೆ ಸುತ್ತು ಹಾಕುವ ಗಾಡಿ.

ಮೊದಲು ಒಂದು ವಿಷಯ ಸ್ಪಷ್ಟ ಆಗಬೇಕು. ಸುಮ್ನೆ ಒಂದು ರೋಲರ್ ಕೋಸ್ಟರ್ ವಿಡಿಯೋ ಹಾಕಿದ ಹೆಡ್‌ಸೆಟ್ ಕೊಟ್ಟು ಟ್ರೇನ್ ಓಡಿಸಿದರೆ ಜನ ವಾಂತಿ ಮಾಡಿಕೊಳ್ಳುತ್ತಾರೆ. ಕಿವಿಯ ಒಳಗೆ ತೂಕ, ತಿರುವು, ಏರಿಳಿತ ಹಿಡಿಯುವ ಅಂಗ ಇದೆ. ಅದು ಎಡಕ್ಕೆ ತಿರುಗಿದೆವು ಅನ್ನುತ್ತಿರುವಾಗ ಕಣ್ಣು ನೆಟ್ಟಗೆ ಹೋಗುತ್ತಿದ್ದೇವೆ ಅಂದರೆ ಹೊಟ್ಟೆ ಕಲಸುತ್ತದೆ. ಎರಡೂ ಒಂದೇ ಮಾತು ಹೇಳಿದರೆ ಆ ತೊಂದರೆ ಬಹಳ ಕಡಿಮೆ. ಮಾಲ್‌ನಲ್ಲಿ ನಿಂತ ಕುರ್ಚಿಯ ಮೇಲೆ ಕೂತು ನೋಡುವುದಕ್ಕಿಂತ ಓಡುವ ಟ್ರೇನಿನಲ್ಲಿ ನೋಡುವುದೇ ಹಗುರ, ಚಿತ್ರ ಮತ್ತು ಗಾಡಿ ಜೋಡಿಯಾಗಿ ನಡೆದರೆ ಮಾತ್ರ.

ಆ ಜೋಡಿ ಕೂರಿಸುವುದೇ ಅರ್ಧ ಕೆಲಸ. ಇಲ್ಲಿ ಒಂದು ಸುಲಭದ ದಾರಿ ಇದೆ. ಹೆಡ್‌ಸೆಟ್ ಒಳಗೆ ತಿರುಗುವುದನ್ನು ಅಳೆಯುವ ಜೈರೋ ಸೆನ್ಸರ್‌ಗೆ ತಿರುಗಿದ್ದು ಟ್ರೇನೋ ನಿಮ್ಮ ಕುತ್ತಿಗೆಯೋ ಗೊತ್ತಾಗುವುದಿಲ್ಲ. ಟ್ರೇನ್ ಎಡಕ್ಕೆ 90 ಡಿಗ್ರಿ ತಿರುಗಿದರೆ ನೀವೇ ಕುತ್ತಿಗೆ ಅಷ್ಟು ತಿರುಗಿಸಿದಿರಿ ಅಂತ ಅದು ತಿಳಿಯುತ್ತದೆ. ಆದರೆ ಚಿತ್ರದ ಒಳಗಿನ ಗಾಡಿಯೂ ಅದೇ ಜಾಗದಲ್ಲಿ, ಅದೇ ಗಳಿಗೆಯಲ್ಲಿ 90 ಡಿಗ್ರಿ ತಿರುಗಿದರೆ ಲೆಕ್ಕ ತಾನಾಗಿಯೇ ಸರಿಹೋಗುತ್ತದೆ. ಅಂದ್ರೆ ಹೆಡ್‌ಸೆಟ್‌ಗೆ ಬೇಕಾಗಿದ್ದು ಒಂದೇ ಮಾಹಿತಿ: ಈ ಕ್ಷಣ ಟ್ರೇನ್ ಟ್ರ್ಯಾಕಿನ ಮೇಲೆ ಎಲ್ಲಿದೆ?

ಅದಕ್ಕೆ ಹಿಂದಿನ ಬೋಗಿಯ ಒಂದು ಗಾಲಿಯ ಸುತ್ತ ಸಣ್ಣ ಆಯಸ್ಕಾಂತಗಳನ್ನು ಅಂಟಿಸಿ, ಎದುರಿಗೆ ಆಯಸ್ಕಾಂತ ಹಾದುಹೋದರೆ ಗುರುತಿಸುವ ಹಾಲ್ ಸೆನ್ಸರ್ ಕೂರಿಸಿದೆವು. ಗಾಲಿ ಸುತ್ತಿದ ಹಾಗೆ ಪಲ್ಸ್, ಅಂದ್ರೆ ಕರೆಂಟಿನ ಸಣ್ಣ ಮಿಡಿತಗಳು ಬರುತ್ತವೆ. ಎಣಿಸಿದರೆ ದೂರ ಸಿಗುತ್ತದೆ. ಮೋಟರ್ ತಿರುಗಿಸುವ ಗಾಲಿಗೆ ಹಾಕಬಾರದು. ಗ್ರೀಸ್ ಬಿದ್ದ ಕಡೆ ಅದು ಜಾರುತ್ತದೆ, ಲೆಕ್ಕ ತಪ್ಪುತ್ತದೆ. ಸುಮ್ನೆ ಉರುಳುವ ಗಾಲಿಯೇ ಸರಿ. ಜೊತೆಗೆ ಜನ ಹತ್ತಿ ಇಳಿಯುವ ಪ್ಲಾಟ್‌ಫಾರ್ಮ್ ಹತ್ತಿರ ಟ್ರ್ಯಾಕಿಗೆ ಒಂದು ಕಬ್ಬಿಣದ ಪಟ್ಟಿ ಬೋಲ್ಟ್ ಮಾಡಿ, ಬೋಗಿಯ ಅಡಿಗೆ ಲೋಹ ಹತ್ತಿರ ಬಂದರೆ ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್ ಹಾಕಿದೆವು. ಪ್ರತಿ ಸುತ್ತಿಗೂ ಆ ಪಟ್ಟಿ ದಾಟಿದ ಕೂಡಲೇ ಲೆಕ್ಕ ಸೊನ್ನೆಗೆ ಬರುತ್ತದೆ. ಸಣ್ಣಪುಟ್ಟ ತಪ್ಪು ಮುಂದಿನ ಸುತ್ತಿಗೆ ಹೋಗುವುದಿಲ್ಲ.

ಟ್ರೇನಿಗೆ ಕರೆಂಟ್ ಬರುವುದು ಟ್ರ್ಯಾಕಿನ ಪಕ್ಕದ ಪಟ್ಟಿಯಿಂದ, ಕಾರ್ಬನ್ ಬ್ರಷ್ ಮೂಲಕ. ಅದು ಕಿಡಿ ಹಾರಿಸುತ್ತದೆ. ಮೋಟರಿನ ವೇಗ ನಿಯಂತ್ರಿಸುವ ಡ್ರೈವ್‌ನಿಂದಲೂ ಬೇಕಾದಷ್ಟು ವಿದ್ಯುತ್ ಗದ್ದಲ. ಸೆನ್ಸರ್ ವೈರಿನಲ್ಲಿ ಇಲ್ಲದ ಪಲ್ಸ್ ಕಾಣಿಸಿಕೊಳ್ಳುತ್ತವೆ, ಚಿತ್ರ ಒಮ್ಮೆಲೆ ಮುಂದಕ್ಕೆ ಜಿಗಿಯುತ್ತದೆ. ಹಾಗಾಗಿ ಆ ಗದ್ದಲ ತಡೆಯುವ ಶೀಲ್ಡ್, ಅಂದ್ರೆ ಲೋಹದ ಹೊದಿಕೆ ಇರುವ ಕೇಬಲ್ ಎಳೆದು, ಸೆನ್ಸರ್ ಡಬ್ಬಿಗೆ ಬೇರೆಯದೇ ಬ್ಯಾಟರಿ ಕೊಟ್ಟೆವು. ಟ್ರೇನಿನ ಲೈನಿನಿಂದ ಒಂದು ವೋಲ್ಟೂ ತೆಗೆದುಕೊಂಡಿಲ್ಲ. ಟ್ರೇನಿನ ವೇಗಕ್ಕೆ ಸಾಧ್ಯವೇ ಇಲ್ಲದಷ್ಟು ಬೇಗ ಬಂದ ಪಲ್ಸ್‌ಗಳನ್ನು ಪ್ರೋಗ್ರಾಂನಲ್ಲೇ ಬಿಟ್ಟುಬಿಡುತ್ತೇವೆ.

ಡಬ್ಬಿಯೊಳಗೆ ಇರುವುದು ಇಎಸ್‌ಪಿ32 ಅನ್ನುವ, ವೈಫೈ ಇರುವ ಪುಟ್ಟ ಕಂಪ್ಯೂಟರ್ ಬೋರ್ಡ್, ನಾಲ್ಕೈದು ನೂರು ರೂಪಾಯಿಯದು. ಅದು ಟ್ರೇನಿನ ಜಾಗವನ್ನು ವೈಫೈ ಮೇಲೆ ಎಲ್ಲ ಹೆಡ್‌ಸೆಟ್‌ಗೂ ಒಟ್ಟಿಗೆ ಕಳಿಸುತ್ತದೆ. ಶೆಡ್‌ನಲ್ಲಿ ಇದು ಚೆಂದ ನಡೆಯುತ್ತದೆ. ಜಾತ್ರೆಯಲ್ಲಿ ಸಾವಿರಾರು ಮೊಬೈಲು, ಅಂಗಡಿಗೊಂದು ಹಾಟ್‌ಸ್ಪಾಟು, ವೈಫೈನ 2.4 ಗಿಗಾಹರ್ಟ್ಜ್ ತರಂಗಪಟ್ಟಿ ಪೂರಾ ತುಂಬಿರುತ್ತದೆ. ನಮ್ಮ ಬೋರ್ಡಿಗೆ ಬೇರೆ ತರಂಗಪಟ್ಟಿ ಬರುವುದಿಲ್ಲ. ಅದಕ್ಕೆ ಬೋರ್ಡಿನಿಂದ ಒಂದು ಚಿಕ್ಕ ರೂಟರ್‌ಗೆ ತಂತಿ, ರೂಟರ್‌ನಿಂದ ಹೆಡ್‌ಸೆಟ್‌ಗೆ 5 ಗಿಗಾಹರ್ಟ್ಜ್. ರೂಟರ್ ಇರುವುದು ಅದೇ ಬೋಗಿಯ ಸೀಟಿನ ಕೆಳಗೆ. ಇಷ್ಟಾದರೂ ಆಗೊಮ್ಮೆ ಈಗೊಮ್ಮೆ ಸಂದೇಶ ತಪ್ಪುತ್ತದೆ. ಆಗ ಹೆಡ್‌ಸೆಟ್ ಹಿಂದಿನ ವೇಗ ಹಿಡಿದು ಅಂದಾಜಿನಲ್ಲಿ ಮುಂದುವರಿಯುತ್ತದೆ, ಹೊಸ ಸಂದೇಶ ಬಂದಾಗ ಮೆಲ್ಲಗೆ ಸರಿಮಾಡಿಕೊಳ್ಳುತ್ತದೆ. ಒಮ್ಮೆಲೆ ಸರಿಮಾಡಬಾರದು, ಕೂತವರಿಗೆ ಯಾರೋ ಎಳೆದ ಹಾಗೆ ಆಗುತ್ತದೆ.

ಟ್ರ್ಯಾಕ್ ಅಳೆದದ್ದು ನನಗೆ ಬಹಳ ಇಷ್ಟವಾದ ಕೆಲಸ. ಹಂಗಾಮು ಇಲ್ಲದಾಗ ಟ್ರೇನನ್ನು ತಾರಿಹಾಳದ ಶೆಡ್‌ನಲ್ಲಿ ಜೋಡಿಸಿದ್ದರು. ಟೇಪು ಹಿಡಿದು ಅರ್ಧರ್ಧ ಮೀಟರಿಗೆ ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತಾ ಹೋದೆವು. ಪ್ರತಿ ಗುರುತಿನಲ್ಲಿ ಡಿಜಿಟಲ್ ಲೆವೆಲ್ ಇಟ್ಟು ಉದ್ದಕ್ಕೆ ಎಷ್ಟು ಏರಿಳಿತ, ಅಡ್ಡಕ್ಕೆ ಎಷ್ಟು ವಾಲಿದೆ, ಬರೆದುಕೊಂಡೆವು. ತಿರುವಿನ ಕೋನಕ್ಕೆ ಕಂಪಾಸ್ ಉಪಯೋಗ ಇಲ್ಲ, ಅಷ್ಟು ಕಬ್ಬಿಣದ ನಡುವೆ ಮುಳ್ಳು ಎತ್ತೆತ್ತಲೋ ತಿರುಗುತ್ತದೆ. ನೆಲದ ಮೇಲೆ ದಾರ ಎಳೆದು, ಗುಂಡು ಇಳಿಬಿಟ್ಟು, ಗೌಂಡಿಗಳು ಪಾಯ ಹಾಕುವ ರೀತಿಯಲ್ಲೇ ಅಳೆದೆವು. ಟ್ರ್ಯಾಕಿನ ತುಂಡುಗಳು ಬೋಲ್ಟಿನವು, ಯಾವ ಊರಿನಲ್ಲಿ ಜೋಡಿಸಿದರೂ ಆಕಾರ ಅದೇ. ಟ್ರ್ಯಾಕಿನ ಕಾಲುಗಳ ಕೆಳಗಿನ ಮರದ ಪ್ಯಾಕಿಂಗ್ ಒಂದಿಷ್ಟು ಹೆಚ್ಚುಕಡಿಮೆ ಆದರೂ ಕೂತವರಿಗೆ ತಿಳಿಯುವುದಿಲ್ಲ.

ಈಗ ಚಿತ್ರ. ರಾಕೆಟ್ಟು, ರಾಕ್ಷಸ ಎಲ್ಲ ಬೇಡ ಅಂತ ನಾನೇ ಹಟ ಹಿಡಿದೆ. ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಆ ಕೆರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಹಾಗಾಗಿ ನಮ್ಮ ಟ್ರೇನಿನಲ್ಲಿ ಕೂತವರು ಹೆಬ್ಬಾತಿನ ಬೆನ್ನ ಮೇಲೆ ಕೂತಿರುತ್ತಾರೆ. ಮೊದಲ ಸುತ್ತು ಹಿಮದ ಬೆಟ್ಟ, ಎರಡನೆಯದು ಕಪ್ಪತಗುಡ್ಡದ ಗಾಳಿಯಂತ್ರಗಳ ನಡುವೆ, ಕೊನೆಗೆ ಕೆರೆಗೆ ಇಳಿಯುವುದು. ಒಂದೇ ಟ್ರ್ಯಾಕು, ಸುತ್ತಿಗೊಂದು ಊರು. ಗೇಮ್ ತಯಾರಿಸುವ ಯೂನಿಟಿ ಸಾಫ್ಟ್‌ವೇರ್‌ನಲ್ಲಿ ಇದನ್ನು ಕಟ್ಟಿದ್ದು ವಿದ್ಯಾನಗರದ ಕಡೆಯ ಇಬ್ಬರು ಇಂಜಿನಿಯರಿಂಗ್ ಹುಡುಗರು.

ಇಲ್ಲೊಂದು ಮಜಾ ಇದೆ. ಕೋನದಲ್ಲಿ ಮೋಸ ಮಾಡುವ ಹಾಗಿಲ್ಲ, ಆದರೆ ಎತ್ತರ ಮತ್ತು ದೂರದಲ್ಲಿ ಎಷ್ಟು ಬೇಕಾದರೂ ಮಾಡಬಹುದು. ನಮ್ಮ ದೇಹಕ್ಕೆ ವೇಗ ತಿಳಿಯುವುದಿಲ್ಲ, ವೇಗ ಬದಲಾಗುವುದು ಮಾತ್ರ ತಿಳಿಯುತ್ತದೆ. ಟ್ರೇನ್ ಮೂರು ಮೀಟರ್ ಇಳಿದರೆ ಚಿತ್ರದಲ್ಲಿ ಮೂವತ್ತು ಮೀಟರ್ ಇಳಿಸಿ, ಇಳಿಜಾರಿನ ಕೋನ ಮಾತ್ರ ಅಷ್ಟೇ ಇರಲಿ. ದೇಹ ತಕರಾರು ಮಾಡುವುದಿಲ್ಲ. ನಿಧಾನದ ಸಣ್ಣ ಟ್ರೇನಿಗೆ ವಿಆರ್ ಹೆಚ್ಚು ಹೊಂದುತ್ತದೆ ಅನ್ನುವುದು ನನ್ನ ಅಭಿಪ್ರಾಯ. ತಲೆಕೆಳಗಾಗುವ ದೊಡ್ಡ ಕೋಸ್ಟರಿಗೆ ಕಣ್ಣು ಮುಚ್ಚಿಸಿ ಏನು ಉಪಯೋಗ? ಅದನ್ನು ನೋಡುವುದೇ ಅಲ್ಲಿಯ ಮಜಾ ಅಲ್ವಾ.

ಹೆಬ್ಬಾತು ಇನ್ನೊಂದು ಕಡೆಯೂ ಕೈ ಹಿಡಿಯಿತು. ತಿರುವಿನಲ್ಲಿ ದೇಹ ಹೊರಗೆ ಎಳೆದಾಗ ಹೆಡ್‌ಸೆಟ್‌ಗೆ ನೆಲ ಯಾವ ಕಡೆ ಅನ್ನುವುದರಲ್ಲೇ ಗೊಂದಲ ಆಗುತ್ತದೆ. ಚಿತ್ರದ ದಿಗಂತ ನಿಧಾನಕ್ಕೆ ಒಂದು ಪಕ್ಕಕ್ಕೆ ವಾಲುತ್ತದೆ. ರಸ್ತೆ ಮೇಲಿನ ಕಾರು ತೋರಿಸಿದ್ದರೆ ಇದು ಎದ್ದು ಕಾಣುತ್ತಿತ್ತು. ಹಕ್ಕಿ ಹೇಗೂ ತಿರುವಿನಲ್ಲಿ ರೆಕ್ಕೆ ವಾಲಿಸುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಹೆಡ್‌ಸೆಟ್‌ನ ಕ್ಯಾಮೆರಾ ಟ್ರ್ಯಾಕಿಂಗ್ ಅನ್ನು ಮಾತ್ರ ಪೂರಾ ಬಂದ್ ಮಾಡಬೇಕು. ಸುತ್ತ ಮಿಣಮಿಣ ಲೈಟು, ಓಡುವ ಜನ ನೋಡಿ ಅದು ದಿಕ್ಕು ತಪ್ಪುತ್ತದೆ. ಜೈರೋ ಕೂಡ ಹೊತ್ತು ಹೋದ ಹಾಗೆ ಒಂದು ಕಡೆ ಜರಗುತ್ತದೆ. ಅದಕ್ಕೆ ಹೊರಡುವ ಮುಂಚೆ "ಎಲ್ಲಾರೂ ಡ್ರ್ಯಾಗನ್ ತಲಿ ಕಡೆ ನೆಟ್ಟಗ ನೋಡ್ರಿ" ಅಂತ ಕೂಗಿ, ಒಂದು ಬಟನ್ ಒತ್ತಿ ಎಲ್ಲರ ದಿಕ್ಕನ್ನೂ ಒಟ್ಟಿಗೆ ಸರಿಮಾಡುತ್ತೇವೆ.

ಇದೆಲ್ಲ ಆದ ಮೇಲೆ ನಿಜವಾದ ಕಷ್ಟ ಶುರು. ಜಾತ್ರೆಯಲ್ಲಿ ಆಟ ನಡೆಯುವುದು ಸಂಜೆಯಿಂದ ರಾತ್ರಿವರೆಗೆ. ದುಡ್ಡು ಬರುವುದು ಅಷ್ಟರೊಳಗೆ ಎಷ್ಟು ಟ್ರಿಪ್ ಹೊಡೆದೆವು ಅನ್ನುವುದರ ಮೇಲೆ. ಒಬ್ಬರಿಗೆ ಹೆಡ್‌ಸೆಟ್ ಕಟ್ಟಿ, ಬೆಲ್ಟ್ ಬಿಗಿ ಮಾಡಿ, ಮಸುಕಾಗಿದೆಯಾ ಕೇಳಿ, ಗದ್ದದ ಪಟ್ಟಿ ಹಾಕುವಷ್ಟರಲ್ಲಿ ಒಂದು ನಿಮಿಷ ಸುಲಭವಾಗಿ ಹೋಗುತ್ತದೆ. ಟ್ರೇನ್ ನಿಂತಿರುತ್ತದೆ, ಸಾಲಿನಲ್ಲಿ ನಿಂತವರು ಬೈಯುತ್ತಿರುತ್ತಾರೆ. ಇದು ನಮ್ಮೊಬ್ಬರ ಕಥೆ ಅಲ್ಲ. 2016ರ ಹೊತ್ತಿಗೆ ಇಂಗ್ಲೆಂಡ್, ಅಮೆರಿಕದ ದೊಡ್ಡ ದೊಡ್ಡ ಪಾರ್ಕುಗಳು ವಿಆರ್ ಕೋಸ್ಟರ್ ಅಂತ ಜಾಹೀರಾತು ಮಾಡಿದವು. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕಿನ ಗ್ಯಾಲಾಕ್ಟಿಕಾ ಅಂಥದ್ದೇ. ಕೆಲವೇ ವರ್ಷಗಳಲ್ಲಿ ಬಹಳ ಕಡೆ ಹೆಡ್‌ಸೆಟ್ ತೆಗೆದಿಟ್ಟು ಮೊದಲಿನ ಹಾಗೆ ಓಡಿಸತೊಡಗಿದರು. ಯೂರೋಪಾ ಪಾರ್ಕ್‌ನವರು ಮಾತ್ರ 2018ರಲ್ಲಿ ಯೂರೋಸ್ಯಾಟ್ ಕೋಸ್ಟರಿಗೆ ವಿಆರ್‌ನವರಿಗಾಗಿಯೇ ಬೇರೆ ಪ್ಲಾಟ್‌ಫಾರ್ಮ್ ಕಟ್ಟಿದರು. ಹೆಡ್‌ಸೆಟ್ ಮೊದಲೇ ಹಾಕಿಕೊಂಡು ಬಂದು ಟ್ರೇನ್ ಹತ್ತುವ ವ್ಯವಸ್ಥೆ.

ನಾವು ಅದನ್ನೇ ಬಡವರ ರೀತಿಯಲ್ಲಿ ಮಾಡಿದೆವು. ಹಿಂದಿನ ಒಂದು ಬೋಗಿಗೆ ಮಾತ್ರ ವಿಆರ್, ಟಿಕೆಟ್ ಬೇರೆ, ದರ ಎರಡರಷ್ಟು. ಪಕ್ಕದಲ್ಲಿ ಒಂದು ಬೆಂಚು. ಹಿಂದಿನ ಟ್ರಿಪ್ ಓಡುತ್ತಿರುವಾಗಲೇ ಮುಂದಿನವರನ್ನು ಬೆಂಚಿನ ಮೇಲೆ ಕೂರಿಸಿ ಹೆಡ್‌ಸೆಟ್ ಅಳತೆ ಸರಿಮಾಡಿಬಿಡುತ್ತೇವೆ. ಆಮೇಲೆ ಅದನ್ನು ಹಣೆಗೆ ಏರಿಸಿಕೊಂಡು, ಕಣ್ಣು ಬಿಟ್ಟುಕೊಂಡೇ ನಡೆದು ಬಂದು ಕೂರುತ್ತಾರೆ. ಕೂತು ರಾಡ್ ಹಾಕಿದ ಮೇಲೆ ಕೆಳಗೆ ಎಳೆದುಕೊಳ್ಳುವುದು, ಗದ್ದದ ಪಟ್ಟಿ ಹಾಕುವುದು. ಇದಕ್ಕೆ ಬೋಗಿಯ ಸೀಟಿನ ಎರಡು ಪಟ್ಟು ಹೆಡ್‌ಸೆಟ್ ಬೇಕು, ಖರ್ಚು ಜಾಸ್ತಿ. ಆದರೆ ಟ್ರೇನ್ ಕಾಯುವುದಿಲ್ಲ.

ಜೊತೆಗೆ ನಮ್ಮ ಜಾತ್ರೆಯದೇ ಆದ ಸಮಸ್ಯೆಗಳು. ಮಠದ ದರ್ಶನ ಮಾಡಿ ಬಂದವರ ಹಣೆಯಲ್ಲಿ ಮೂರು ಬೆರಳಿನ ವಿಭೂತಿ ಇರುತ್ತದೆ, ಹೆಣ್ಣುಮಕ್ಕಳ ಹಣೆಯಲ್ಲಿ ಕುಂಕುಮ. ಅದೆಲ್ಲ ಹೆಡ್‌ಸೆಟ್‌ನ ಸ್ಪಂಜಿಗೆ ಬರುತ್ತದೆ, ಅದರ ಮೇಲೆ ತಲೆಗೆ ಹಚ್ಚಿದ ಎಣ್ಣೆ, ಬೆವರು. ಸ್ಪಂಜು ತೆಗೆದು ತೊಳೆಯಬಹುದಾದ ಸಿಲಿಕೋನ್ ಪಟ್ಟಿ ಹಾಕಿದೆವು. ಮುಖಕ್ಕೆ ಒಂದೊಂದು ಬಟ್ಟೆ ಮಾಸ್ಕ್, ಉಪಯೋಗಿಸಿ ಬಿಸಾಡುವಂಥದ್ದು. "ವಿಭೂತಿ ಒರಸಬ್ಯಾಡ್ರೀ ತಮ್ಮಾ" ಅಂತ ಒಬ್ಬ ಅಜ್ಜಿ ಗದರಿದ ಮೇಲೆ, ಹಣೆ ಮುಟ್ಟುವ ಮುಂಚೆ ಕೇಳಿಯೇ ಮಾಸ್ಕ್ ಹಾಕುವುದು ನಮ್ಮ ಹುಡುಗರಿಗೆ ರೂಢಿಯಾಯಿತು. ರುಮಾಲು ಸುತ್ತಿದ ಹಿರಿಯರಿಗೆ ಬೆಲ್ಟ್ ಕೂರುವುದೇ ಇಲ್ಲ. ಅವರನ್ನು ಮುಂದಿನ ಬೋಗಿಗೆ ಕಳಿಸುತ್ತೇವೆ, ಡಬಲ್ ದುಡ್ಡು ವಾಪಸ್.

ಲೆನ್ಸ್ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಗದಗಿನ ಧೂಳು ಸಾಮಾನ್ಯದ್ದಲ್ಲ. ಅಂಗಿಯ ತುದಿಯಿಂದ ಒರೆಸಿದರೆ ಗೀರು ಬೀಳುತ್ತದೆ. ಮೊದಲು ಗಾಳಿ ಊದಿ, ಆಮೇಲೆ ಮೈಕ್ರೋಫೈಬರ್ ಬಟ್ಟೆ, ಅದೂ ಒಣಗಿದ್ದು. ಸ್ಪಿರಿಟ್ ಹಚ್ಚುವುದು ಸಿಲಿಕೋನ್ ಪಟ್ಟಿಗೆ ಮಾತ್ರ, ಲೆನ್ಸಿಗೆ ಇಲ್ಲ. ಹಗಲಿನಲ್ಲಿ ಹೆಡ್‌ಸೆಟ್‌ಗಳು ಮುಚ್ಚಿದ ಪೆಟ್ಟಿಗೆಯಲ್ಲೇ ಇರಬೇಕು. ಲೆನ್ಸ್ ಮೇಲೆ ಮುಖ ಮಾಡಿ ಬಿಸಿಲಿನಲ್ಲಿ ಇಟ್ಟರೆ ಅದು ಭೂತಗನ್ನಡಿಯ ಕೆಲಸ ಮಾಡಿ ಒಳಗಿನ ಸ್ಕ್ರೀನನ್ನು ಸುಟ್ಟುಬಿಡುತ್ತದೆ, ಸ್ವಲ್ಪ ಹೊತ್ತು ಸಾಕು. ಬೇಸಿಗೆಯ ಸಂಜೆಯ ಸೆಕೆಗೆ ಹೆಡ್‌ಸೆಟ್ ಬಿಸಿಯಾಗಿ ತಾನೇ ಬಂದ್ ಆಗುವುದೂ ಉಂಟು. ಬೆಂಚಿನ ಹತ್ತಿರ ಒಂದು ಟೇಬಲ್ ಫ್ಯಾನ್ ಇಟ್ಟಿರುವುದು ಜನರಿಗಲ್ಲ, ಹೆಡ್‌ಸೆಟ್‌ಗಳಿಗೆ.

ಸುರಕ್ಷತೆಯಲ್ಲಿ ಚೌಕಾಸಿ ಇಲ್ಲ. ಅರ್ಧ ಕಿಲೋ ತೂಕದ ವಸ್ತು ಓಡುವ ಟ್ರೇನಿನಿಂದ ಕೆಳಗೆ ನಿಂತವರ ಮೇಲೆ ಬೀಳಬಾರದು. ಗದ್ದದ ಪಟ್ಟಿ ಇಲ್ಲದೆ ಟ್ರೇನ್ ಬಿಡುವುದಿಲ್ಲ. ಹೆಡ್‌ಸೆಟ್‌ನಿಂದ ಸೀಟಿನ ಹಿಂಭಾಗಕ್ಕೆ ಒಂದು ಗಿಡ್ಡ ದಾರ, ಜೋರಾಗಿ ಎಳೆದರೆ ಕ್ಲಿಪ್ ಬಿಚ್ಚಿಕೊಳ್ಳುವಂಥದ್ದು, ಕುತ್ತಿಗೆಗೆ ಸುತ್ತುವಷ್ಟು ಉದ್ದ ಇಲ್ಲ. ಬಸುರಿಯರು, ಹೃದಯ ಅಥವಾ ಕುತ್ತಿಗೆ ತೊಂದರೆ ಇರುವವರು, ಮೂರ್ಛೆ ರೋಗ ಇರುವವರಿಗೆ ಇಲ್ಲ. ಚಿಕ್ಕ ಮಕ್ಕಳಿಗೂ ಇಲ್ಲ. ಹೆಡ್‌ಸೆಟ್ ಕಂಪನಿಗಳೇ ವಯಸ್ಸಿನ ಮಿತಿ ಹೇಳುತ್ತವೆ. ನಾವು 13 ಅಂತ ಬೋರ್ಡ್ ಹಾಕಿದ್ದೇವೆ. ಕಣ್ಣು ಮುಚ್ಚಿದವರಿಗೆ ಮುಂದೆ ತಿರುವು ಬರುವುದು ಕಾಣುವುದಿಲ್ಲ ಅನ್ನುವುದೂ ನೆನಪಿರಬೇಕು. ಚಿತ್ರದಲ್ಲಿ ತಿರುವಿಗೆ ಸ್ವಲ್ಪ ಮುಂಚೆಯೇ ಮುಂದಿನ ಹಕ್ಕಿಗಳು ವಾಲುವ ಹಾಗೆ ಮಾಡಿದ್ದೇವೆ. ಕೂತವರು ತಾವೇ ಮೈ ಗಟ್ಟಿ ಮಾಡಿಕೊಳ್ಳುತ್ತಾರೆ.

ಸಿಗ್ನಲ್ ಪೂರಾ ಹೋದರೆ ಏನು ಮಾಡಬೇಕು ಅಂತ ಹುಡುಗರ ಜೊತೆ ಬಹಳ ಚರ್ಚೆ ಆಯಿತು. ಒಂದು ಸೆಕೆಂಡಿನವರೆಗೆ ಅಂದಾಜಿನಲ್ಲಿ ಓಡುತ್ತದೆ. ಆಮೇಲೂ ಬರದಿದ್ದರೆ ಚಿತ್ರ ಕಪ್ಪಾಗಿ, "ಹೆಡ್‌ಸೆಟ್ ಹಣೆಗೆ ಏರಿಸಿ" ಅನ್ನುವ ಅಕ್ಷರ ಬರುತ್ತದೆ. ತಪ್ಪು ಚಿತ್ರಕ್ಕಿಂತ ಚಿತ್ರ ಇಲ್ಲದ್ದೇ ವಾಸಿ.

ಕಾಲೇಜು ಹುಡುಗರು ಬಂದರಾ? ಬಂದರು. ಇಳಿದವನೊಬ್ಬ ಗೆಳೆಯನಿಗೆ, "ಲೇ, ಕಪ್ಪತಗುಡ್ಡದ ಫ್ಯಾನಿನ ರೆಕ್ಕಿ ಮೂಗಿಗೆ ಬಡಿತಿತ್ತು ನೋಡಲೇ" ಅನ್ನುತ್ತಿದ್ದ. ಈಗ ಮಾಲೀಕರು ಉಳಿದ ಬೋಗಿಗಳಿಗೂ ಹಾಕು ಅನ್ನುತ್ತಿದ್ದಾರೆ. ನಾನು ಬೇಡ ಅಂದಿದ್ದೇನೆ. ಮುಂದಿನ ಬೋಗಿಗಳಲ್ಲಿ ಕೂರುವುದು ಅಪ್ಪ, ಅವ್ವ, ತೊಡೆಯ ಪಕ್ಕ ಮಗು. ಅವರಿಗೆ ಜಾತ್ರೆಯ ಲೈಟು ಕಾಣಬೇಕು, ಕೆಳಗೆ ನಿಂತ ಮಾಮಾನಿಗೆ ಕೈ ಬೀಸಬೇಕು. ಅದರ ಬದಲು ಎರಡನೇ ಬೆಂಚು, ಕಟ್ಟಿಕೊಡಲು ಇನ್ನೊಬ್ಬ ಹುಡುಗ ಬೇಕು ಅಂತ ಕೇಳಿದ್ದೇನೆ. ಹುಡುಗನ ಪಗಾರದ ಮೇಲೆ ಮಾತುಕತೆ ನಡೆದಿದೆ.