ಕೆಲಸದ ರೊಕ್ಕ ಬಂದಿಲ್ಲವೇ? ನೋಟಿಸ್‌ಗೆ ಮೊದಲು ಟೇಪ್ ಹಿಡಿಯಿರಿ

ಹೋದ ತಿಂಗಳು ಉಣಕಲ್ ಕಡೆಯ ಗೌಂಡಿಯೊಬ್ಬರು ಬಂದಿದ್ದರು. ಕೈಯಲ್ಲಿ ಎರಡು ಪುಟದ ನೋಟಿಸ್. ಮನೆಯೊಂದರ ಗಿಲಾವ್ (ಗೋಡೆಯ ಪ್ಲಾಸ್ಟರಿಂಗ್) ಮುಗಿಸಿ ಎಂಟು ತಿಂಗಳಾಗಿತ್ತು, ಬಾಕಿ ಬಂದಿರಲಿಲ್ಲ. ಮಾನಸಿಕ ಹಿಂಸೆಗೆ ಐದು ಲಕ್ಷ, ಮಾನಹಾನಿಗೆ ಎರಡು ಲಕ್ಷ ಕೇಳಿದ್ದರು. ಕೆಲಸದ ಬಾಕಿ ಎಷ್ಟು ಅಂತ ಹುಡುಕಿದೆ. ‘ಅಂದಾಜು 1 ಲಕ್ಷ’ ಅಂತ ಒಂದೇ ಸಾಲು.

“ಅಂದಾಜು ಯಾಕ್ರೀ?” ಅಂದೆ.

“ಅಳದಿಲ್ರೀ. ಆದ್ರ ಅಷ್ಟು ಆಗೇ ಆಗತೈತಿ” ಅಂದರು.

ನಾನು ವಕೀಲನಲ್ಲ. ಹುಬ್ಬಳ್ಳಿಯಲ್ಲಿ ಸಣ್ಣ ಗುತ್ತಿಗೆದಾರರಿಗೆ ಅಳತೆ ಹಿಡಿದು ಬಿಲ್ ಬರೆದುಕೊಡುವವನು. ಬಾಕಿಗಾಗಿ ಕೊಟ್ಟ ನೋಟಿಸ್‌ಗಳನ್ನು ಸಾಕಷ್ಟು ನೋಡಿದ್ದೇನೆ. ಹೆಚ್ಚಿನವು ಲೆಕ್ಕದಲ್ಲೇ ಸೋತಿವೆ.

ಹೆಜ್ಜೆ 1: ದಿನ ಎಣಿಸಿ

ಹಣ ಕೊಡುವ ದಿನವನ್ನು ಒಪ್ಪಂದದಲ್ಲಿ ಗೊತ್ತು ಮಾಡಿರದಿದ್ದರೆ, ಕೆಲಸ ಮುಗಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹಾಕಬೇಕು. 1963ರ ಕಾಲಮಿತಿ ಕಾಯ್ದೆ ಹೇಳುವುದು ಇದನ್ನೇ. ‘ದೀಪಾವಳಿ ಆಗಲಿ’, ‘ಅಜ್ಜನ ಜಾತ್ರೆ ಆಗಲಿ’ ಅನ್ನುವುದರಲ್ಲೇ ಎರಡು ವರ್ಷ ಕಳೆದಿರುತ್ತದೆ. ನೋಟಿಸ್ ಕೊಟ್ಟರೆ ಅವಧಿ ಮುಂದೆ ಹೋಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹೋಗುವುದಿಲ್ಲ. ಮೂರು ವರ್ಷ ಮುಗಿಯುವ ಮೊದಲು ಹಣ ಕೊಡಬೇಕಾದವನೇ ‘ಇಷ್ಟು ಕೊಡಬೇಕು’ ಅಂತ ಬರೆದು ಸಹಿ ಹಾಕಿದರೆ ಆ ದಿನದಿಂದ ಹೊಸ ಮೂರು ವರ್ಷ ಸಿಗುತ್ತದೆ.

ಚೆಕ್ ಬೌನ್ಸ್ ಆಗಿದ್ದರೆ ದಾರಿಯೇ ಬೇರೆ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು. ಅದು ಮುಟ್ಟಿದ ಮೇಲೆ ಆತನಿಗೆ 15 ದಿನ ಟೈಮ್. ಆಗಲೂ ಕೊಡದಿದ್ದರೆ ನಂತರದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಇದನ್ನು ಪೇಪರ್ ಓದಿ ಮಾಡಲು ಹೋಗಬೇಡಿ, ಅವತ್ತೇ ವಕೀಲರನ್ನು ಕಾಣಿ.

ಹೆಜ್ಜೆ 2: ಅಳತೆ, ಲೆಕ್ಕ

ಎಡವುವುದು ಇಲ್ಲೇ. ನೋಟಿಸ್ ಮುಟ್ಟಿದ ಮರುದಿನ ನಿಮಗೆ ಗೇಟ್ ತೆಗೆಯುವುದಿಲ್ಲ. ಹಾಗಾಗಿ ಮಾತು ಕೆಡುವ ಮೊದಲೇ ಅಳೆದುಬಿಡಿ. ಆದರೆ ಮಾಲಕರ ಕಡೆಯ ಒಬ್ಬರು ಜೊತೆಗಿರಲಿ, ಸೈಟ್ ಎಂಜಿನಿಯರ್ ಆದರೂ ಸರಿ, ವಾಚ್‌ಮನ್ ಆದರೂ ಸರಿ. ಸ್ಟೀಲ್ ಟೇಪೇ ಬೇಕು. ಉದ್ದನೆಯ ಫೈಬರ್ ಟೇಪ್ ಹಳೆಯದಾದಂತೆ ಹಿಗ್ಗುತ್ತದೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಲೇಸರ್ ಮೀಟರ್ ಒಂದನ್ನು ನಾನೂ ತಂದಿದ್ದೆ. ಬಿಸಿಲಲ್ಲಿ ಅದರ ಚುಕ್ಕೆಯೇ ಕಾಣಲಿಲ್ಲ. ಈಗ ಮೊಮ್ಮಗ ಆಡುತ್ತಾನೆ.

ಒಂದೊಂದು ಕೋಣೆಯ ಒಂದೊಂದು ಗೋಡೆಯನ್ನೂ ಬೇರೆ ಬೇರೆ ಬರೆಯಿರಿ. ‘ಅಡುಗೆಮನೆ, ಮೂಡಣ ಗೋಡೆ, 10 × 9.5’ ಅಂತ. ‘ಒಟ್ಟು ಮನೆ’ ಅಂತ ಬರೆದರೆ ಜಗಳಕ್ಕೆ ನೀವೇ ಕರೆದಂತೆ.

ಗಿಲಾವ್‌ನಲ್ಲಿ ದೊಡ್ಡ ತಕರಾರು ಬರುವುದು ಬಾಗಿಲು, ಕಿಟಕಿಗೆ. ಬೇರೆ ಮಾತಾಗಿರದಿದ್ದರೆ ಐಎಸ್ 1200 ಅನ್ನುವ ಮಾನಕದ ಅಳತೆ ಪದ್ಧತಿ ಹಿಡಿಯಿರಿ. ಅರ್ಧ ಚದರ ಮೀಟರ್‌ವರೆಗಿನ, ಅಂದರೆ ಸುಮಾರು 5.4 ಚದರ ಅಡಿಯ ಕಿಂಡಿಗೆ ಏನೂ ಕಳೆಯುವಂತಿಲ್ಲ. ಅಲ್ಲಿಂದ 3 ಚದರ ಮೀಟರ್‌ವರೆಗೆ ಒಂದು ಬದಿ ಮಾತ್ರ ಕಳೆಯಬೇಕು. ಅಂಚುಗಳ ಗಿಲಾವ್ ಬೇರೆ ಹಿಡಿಯುವುದಿಲ್ಲವಲ್ಲ, ಅದಕ್ಕೆ. 3 × 7 ಬಾಗಿಲು ಅಂದರೆ 21 ಚದರ ಅಡಿ. ಎರಡೂ ಬದಿ ಗಿಲಾವ್ ಆಗಿದ್ದರೆ 21 ಕಳೆಯಬೇಕು, 42 ಅಲ್ಲ. 42 ಕಳೆದರೆ ಒಂಬತ್ತು ಬಾಗಿಲಿನ ಮನೆಯಲ್ಲಿ ನಿಮ್ಮ 189 ಚದರ ಅಡಿ ಹೋಗಿಬಿಡುತ್ತದೆ. ಅಡಿಗೆ 22 ರೂಪಾಯಿ ಹಿಡಿದರೂ 4,158 ರೂಪಾಯಿ. ಸುಮ್ನೆ ಬಿಡುವ ದುಡ್ಡಾ?

ಉಣಕಲ್ ಗೌಂಡಿಯವರ ಲೆಕ್ಕವನ್ನು ಎರಡು ದಿನ ಕೂತು ಹೀಗೆ ಮಾಡಿದೆವು. ಒಳಗಿನ ಗಿಲಾವ್ 6,400 ಅಡಿ, 22ರಂತೆ 1,40,800. ಹೊರಗಿನದು 2,350 ಅಡಿ, 32ರಂತೆ 75,200. ಕಂಪೌಂಡ್ 48 ಅಡಿ ಉದ್ದ, 5 ಅಡಿ ಎತ್ತರ, ಎರಡು ಬದಿ ಸೇರಿ 480 ಅಡಿ, 10,560 ರೂಪಾಯಿ. ಒಟ್ಟು 2,26,560. ಬಂದಿದ್ದು ಮೂರು ಸಲ ಸೇರಿ 1,50,000. ಬಾಕಿ 76,560. ‘ಅಂದಾಜು 1 ಲಕ್ಷ’ ಅಂತ ಕಳಿಸಿದ್ದರೆ ಎದುರಿನ ವಕೀಲರು ಉಳಿದ ಇಪ್ಪತ್ಮೂರು ಸಾವಿರವನ್ನೇ ಹಿಡಿದು ‘ಇವರ ಲೆಕ್ಕವೇ ಸುಳ್ಳು’ ಅನ್ನುತ್ತಿದ್ದರು.

ಆ ಕಂಪೌಂಡ್ ಒಪ್ಪಂದದಲ್ಲಿ ಇರಲಿಲ್ಲ. “ಹೆಂಗೂ ಸಿಮೆಂಟ್ ಉಳದೈತಿ, ಅದಕ್ಕೂ ಹೊಡದುಬಿಡ್ರಿ” ಅಂತ ಮಾಲಕರು ಬಾಯಿಮಾತಲ್ಲಿ ಹೇಳಿದ್ದು. ಇಂಥದ್ದನ್ನು ಬಿಡಬೇಡಿ. ಪುಕ್ಕಟೆ ಅಂತ ಮಾಡದ ಕೆಲಸದ ಲಾಭ ಪಡೆದವನು ಅದಕ್ಕೆ ಬೆಲೆ ಕೊಡಬೇಕು ಅಂತ 1872ರ ಕರಾರು ಕಾಯ್ದೆಯ 70ನೇ ಕಲಮು ಹೇಳುತ್ತದೆ. ಯಾರು, ಯಾವ ದಿನ ಹೇಳಿದರು ಅಂತ ಬರೆದು ಹೆಚ್ಚುವರಿ ಕೆಲಸಕ್ಕೆ ಬೇರೆ ಹಾಳೆ ಮಾಡಿ.

ವಾಟ್ಸ್‌ಆ್ಯಪ್ ಮಾತುಕತೆ, ಕೆಲಸದ ಫೋಟೊ ಎಲ್ಲ ಉಳಿಸಿ. ಸ್ಕ್ರೀನ್‌ಶಾಟ್ ಇದೆ ಅಂತ ಫೋನ್ ಮಾರಬೇಡಿ. ಕೋರ್ಟಿಗೆ ಕೊಡುವಾಗ ಸಾಕ್ಷ್ಯ ಕಾಯ್ದೆಯ ಪ್ರಕಾರ ಪ್ರಮಾಣಪತ್ರ ಬೇಕು, ಮೂಲ ಫೋನ್ ಕೈಯಲ್ಲಿದ್ದರೆ ಸಲೀಸು. ಎದುರಿನವರು ಟಿಡಿಎಸ್, ಅಂದರೆ ಬಿಲ್ಲಿನಲ್ಲೇ ತೆರಿಗೆ, ಹಿಡಿಯುವವರಾದರೆ ನಿಮ್ಮ ಪ್ಯಾನ್ ಮೇಲೆ ಕಟ್ಟಿದ ತೆರಿಗೆಯ ಪಟ್ಟಿ 26ಎಎಸ್ ತೆಗೆಸಿ ನೋಡಿ. ಶೇ 1ರಂತೆ 2,000 ರೂಪಾಯಿ ಕಟ್ಟಿದ್ದರೆ, 2 ಲಕ್ಷದ ಬಿಲ್ ಅವರ ಪುಸ್ತಕದಲ್ಲೇ ಕೂತಿದೆ ಅಂತ ಅರ್ಥ. ‘ಕೆಲಸವೇ ಮಾಡಿಲ್ಲ’ ಅನ್ನಲು ಆಮೇಲೆ ಬಾಯಿ ಬರುವುದಿಲ್ಲ.

ಹೆಜ್ಜೆ 3: ಯಾರಿಗೆ?

ನಿಮ್ಮನ್ನು ಕೆಲಸಕ್ಕೆ ಹಚ್ಚಿದವರಿಗೆ. ಮುಖ್ಯ ಗುತ್ತಿಗೆದಾರ ಹಚ್ಚಿದ್ದರೆ ನೋಟಿಸ್ ಅವನಿಗೇ, ಜಾಗದ ಮಾಲಕರಿಗೆ ಪ್ರತಿ ಮಾತ್ರ. ಬೋರ್ಡಿನ ಮೇಲಿನ ಹೆಸರು ನಂಬಬೇಡಿ. ‘ಗ್ರೀನ್, ರಾಯಲ್’ ಅಂತ ಇರುವುದು ಲೇಔಟ್ ಹೆಸರು. ಹಣ ಕೊಡಬೇಕಾದ ಕಂಪನಿಯ ಹೆಸರು ಬೇರೆಯೇ ಇರುತ್ತದೆ. ಜಿಎಸ್‌ಟಿ ನಂಬರ್ ಹಾಕಿ ಹುಡುಕಿದರೆ ಕಾನೂನುಬದ್ಧ ಹೆಸರು ಸಿಗುತ್ತದೆ. ಕರ್ನಾಟಕ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಯೋಜನೆಯ ಪ್ರವರ್ತಕರ ವಿವರ ಇರುತ್ತದೆ. ಸರಕಾರಿ ಇಲಾಖೆಯಾದರೆ ದಾವೆಗೆ ಮೊದಲು ಎರಡು ತಿಂಗಳ ನೋಟಿಸ್ ಕಡ್ಡಾಯ. ಅಲ್ಲಿ ವಕೀಲರಿಲ್ಲದೆ ಕೈ ಹಾಕಬೇಡಿ.

ಹೆಜ್ಜೆ 4: ಬರೆಯುವುದು

ಕನ್ನಡದಲ್ಲೇ ಬರೆಯಿರಿ. ನಿಮಗೇ ಅರ್ಥವಾಗದ ಇಂಗ್ಲಿಷ್ ನೋಟಿಸ್‌ಗೆ ಸಹಿ ಹಾಕಿ, ನಾಳೆ ಪಾಟೀಸವಾಲಿನಲ್ಲಿ ತಬ್ಬಿಬ್ಬಾಗುವುದು ಯಾಕೆ? ನೀವೇ ಕಳಿಸಬಹುದು, ಆದರೆ ವಕೀಲರ ಲೆಟರ್‌ಹೆಡ್‌ನಲ್ಲಿ ಹೋಗಲಿ ಅನ್ನುವುದು ನನ್ನ ಹಟ. ಖರ್ಚಿಗೆ ಇಲ್ಲದಿದ್ದರೆ ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಅಂಗಡಿಗಳಲ್ಲಿ ಸಿಗುವ ರೆಡಿ ನಮೂನೆ ಬೇಡ. ‘ನೋಟಿಸ್‌ಗೆ ಛಾಪಾ ಕಾಗದ ಬೇಕು’ ಅಂತ 100 ರೂಪಾಯಿಯ ಇ-ಸ್ಟ್ಯಾಂಪ್ ಮೇಲೆ ಛಾಪಿಸಿದ್ದನ್ನೂ ಕಂಡಿದ್ದೇನೆ. ಬಿಳಿ ಹಾಳೆ ಸಾಕು.

ಏನು ಕೆಲಸ, ಯಾವಾಗ ಮುಗಿಯಿತು, ಎಷ್ಟು ಬಂತು, ಎಷ್ಟು ಬಾಕಿ. ಲೆಕ್ಕದ ಹಾಳೆ ಲಗತ್ತು. ಬಡ್ಡಿ ಕೇಳುತ್ತೇನೆ ಅಂತ ಬರೆಯಲು ಮರೆಯಬೇಡಿ. ಬಡ್ಡಿಯ ಮಾತು ಆಗಿರದಿದ್ದರೂ, ಲಿಖಿತವಾಗಿ ಕೇಳಿದಾಗಿನಿಂದ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆಯಲ್ಲಿ ದಾರಿ ಇದೆ. ಕೈಗಡದ ತಿಂಗಳಿಗೆ ಶೇ 3ರ ದರ ಹಾಕಬೇಡಿ, ನಗುತ್ತಾರೆ. ಸಣ್ಣ ಉದ್ದಿಮೆಗಳಿಗೆ ಕೊಡುವ ಉದ್ಯಮ್ ನೋಂದಣಿ ಇದ್ದವರಿಗೆ 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಅಂತ ಕಾನೂನಿದೆ. ಆದರೆ ಕಾಮಗಾರಿ ಗುತ್ತಿಗೆಗೆ ಅದು ಬರುತ್ತದೋ ಇಲ್ಲವೋ ಅಂತ ಕೋರ್ಟ್‌ಗಳಲ್ಲೇ ಜಗ್ಗಾಟ ನಡೆದಿದೆ, ವಕೀಲರನ್ನು ಕೇಳಿ ಬರೆಯಿರಿ. ಪೊಲೀಸ್, ಜೈಲು ಅನ್ನುವ ಬೆದರಿಕೆ ಒಂದು ಸಾಲೂ ಬೇಡ.

ಕೊಡಲು 15 ದಿನ ಟೈಮ್ ಕೊಡಿ. ಮೊತ್ತ 3 ಲಕ್ಷ ಅಥವಾ ಜಾಸ್ತಿ ಇದ್ದು ವಾಣಿಜ್ಯ ವ್ಯಾಜ್ಯವಾದರೆ, ತುರ್ತು ಆದೇಶ ಬೇಡದಿದ್ದಾಗ, ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು.

ಹೆಜ್ಜೆ 5: ಕಳಿಸುವುದು

ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿತು. ಮುಟ್ಟಿದ್ದಕ್ಕೆ ಪುರಾವೆ ಬೇಕು ಅಂತ ಕೌಂಟರಿನಲ್ಲೇ ಕೇಳಿ. ಟ್ರ್ಯಾಕಿಂಗ್ ಪುಟವನ್ನು ಅದೇ ವಾರ ಪ್ರಿಂಟ್ ತೆಗೆದಿಡಿ. ಕವರ್ ‘ನಿರಾಕರಿಸಿದ್ದಾರೆ’ ಅಂತ ವಾಪಸ್ ಬಂದರೂ ಚಿಂತೆ ಬೇಡ. ಸರಿಯಾದ ವಿಳಾಸಕ್ಕೆ ಹೋಗಿದ್ದರೆ ಮುಟ್ಟಿದ ಹಾಗೇ ಅಂತ ಕೋರ್ಟ್ ಸಾಮಾನ್ಯವಾಗಿ ಹಿಡಿಯುತ್ತದೆ. ಅಂಚೆಯವರ ಷರಾ ಸಮೇತ ಆ ಕವರನ್ನು ಒಡೆಯದೆ ಫೈಲಿಗೆ ಹಾಕಿ.

ಉಣಕಲ್ ಗೌಂಡಿಯವರ ಕವರ್ ಹಾಗೇ ವಾಪಸ್ ಬಂತು. ಫೋನ್ ಮಾಡಿದ್ದರು. “ಒಳಗ ಎಲ್ಲಾ ಹಾಳಿ ಅದಾವೋ ಇಲ್ಲೋ ಅಂತ ಒಡದ್ ನೋಡೇನ್ರೀ, ಅದಾವ” ಅಂದರು. ಈಗ ಇನ್ನೊಮ್ಮೆ ಕಳಿಸುತ್ತಿದ್ದೇವೆ.